ಎರಡು ಬೆರಳಿನ ಆಟ

"ಗ್ರೀಸು ನಾನೇ ತುಂಬಿದ್ದು, ದ್ಯಾವಣ್ಣ"
ಅಂದ ಇನಾಯತ್, ಪೆನ್ಷನ್ ಮೊಹಲ್ಲಾದ ತನ್ನ ಶೆಡ್ಡಿನಲ್ಲಿ,
ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡೇ,
ನನ್ನ ಮುಖ ನೋಡಬೇಕಾಗದ ಹಾಗೆ.

ಫಿಯೆಟ್ಟಿನ ಸ್ಟೇರಿಂಗ್ ಪೆಟ್ಟಿಗೆಯ ನೆತ್ತಿಯ ಬಿರಡೆ ಬಿಚ್ಚಿದ್ದ.
ಸೈಕಲ್ ಕಡ್ಡಿ ಇಳಿಸಿ ಎಳೆದರೆ ಬಂದದ್ದು ಎಣ್ಣೆಯಲ್ಲ,
ಹಳೇ ಹುಣಸೇಹಣ್ಣಿನಂಥ ಕರೀ ಮುದ್ದೆ.

ಡಾಕ್ಟರ್ ಸೆಲೀನಮ್ಮ ಪೋರ್ಟಿಕೋಗೆ ಮೊಸಾಯಿಕ್ ಹಾಕಿಸಿದ ವರ್ಷ ಅದು.
ಮುಂದಿನ ಬಲಚಕ್ರದ ಪಕ್ಕ ದಿನಕ್ಕೊಂದು ತೊಟ್ಟು.
"ನನ್ನ ಹೊಲಿಗೆ ಹೀಗೆ ತೊಟ್ಟಿಕ್ಕಿದರೆ
ಬಿಚ್ಚಿ ಮತ್ತೆ ಹಾಕುತ್ತೇನೆ. ನೀನೇನು ಮಾಡ್ತೀಯ?"
ಸೀಲು ಹಾಸನದಲ್ಲಿ ಸಿಗಲಿಲ್ಲ.
ಮೈಸೂರಿಗೆ ಬರೆದ ಕಾಗದಕ್ಕೆ ಜವಾಬಿಲ್ಲ.
"ಸೋರದೇ ಇರೋದನ್ನ ತುಂಬಿಬಿಟ್ಟೆ" ಅಂದ.
ಅವತ್ತಿಂದ ನೆಲ ಕನ್ನಡಿ.

ಎಣ್ಣೆ ಹಾಗಲ್ಲ.
ಹಲ್ಲು ಬದಿಗೊತ್ತಿದರೂ ಮತ್ತೆ ಹರಿದು ಬರುತ್ತೆ,
ಬೈಸಿಕೊಂಡು ಹೋಗಿ ಊಟದ ಹೊತ್ತಿಗೆ ಬರುವ ಹುಡುಗನ ಹಾಗೆ.
ಗ್ರೀಸಿಗೆ ಬಿಗುಮಾನ.
ಒಂದು ಸಲ ತಳ್ಳಿಸಿಕೊಂಡರೆ ಗೋಡೆಗಾತು ನಿಂತೇಬಿಡುತ್ತೆ,
ಕಣ್ಣೆದುರೇ ಉಕ್ಕಿನ ಹುಳ
ಗಂಟಲೊಣಗಿ ತಿರುಗುತ್ತಿದ್ದರೂ.

ನಾನು ಲೆಕ್ಕ ಹಾಕಿದೆ. ಹನ್ನೊಂದು ವರ್ಷ.
ಆಲೂರಿನ ಹೆರಿಗೆ, ಗೊರೂರಿನ ಹೆರಿಗೆ,
ಶಾಂತಿಗ್ರಾಮದಲ್ಲಿ ಅವಳಿ, ಒಂದು ಅಡ್ಡ ಮಲಗಿದ್ದು.
ರಾತ್ರಿ ಎರಡಕ್ಕೆ ಕೇರಿಯ ಸಂದಿಯಲ್ಲಿ ಗಾಡಿ ತಿರುಗಿಸುವಾಗ
ಬಲಹೆಗಲು ಕಿರ್ ಅನ್ನುತ್ತಿತ್ತು.
ವಯಸ್ಸು ಅಂದುಕೊಂಡೆ.
ಅಮ್ಮನೇ ಬರೆದುಕೊಟ್ಟ ಮಾತ್ರೆ ನುಂಗಿದೆ.
ನಮ್ಮ ಪುಟ್ತಾಯಿ ಬೆಳ್ಳುಳ್ಳಿ ಕಾಯಿಸಿದ ಎಳ್ಳೆಣ್ಣೆ ತಿಕ್ಕಿದಳು,
ಮಲಗೋ ಮುಂಚೆ, ತಪ್ಪದೆ, ಅವಳ ಅಂಗೈ ಉರಿಯೋವರೆಗೆ.
ಎಣ್ಣೆ ಬೇಕಾಗಿದ್ದದ್ದು
ಹೆಗಲಿಂದ ಮೂರಡಿ ಮುಂದೆ.

ಬಯ್ಯಬೇಕಿತ್ತು.
ಬಾಯಿಗೆ ಬಂದದ್ದು, "ಸೀಮೆಎಣ್ಣೆ ಎಲ್ಲಿಟ್ಟಿದ್ದೀಯ?"

ಅವನ ಕೈ ಈಗ ನಡುಗುತ್ತೆ, ಸ್ಪ್ಯಾನರ್ ನಟ್ಟಿಗೆ ಕೂರಲ್ಲ.
ಆಲೂಗಡ್ಡೆ ಚೀಲ ಮಡಿಸಿ ಹಾಸಿಕೊಂಡು ನಾನೇ ಕೆಳಗಿಳಿದೆ,
ಅವನು ಸ್ಟೂಲ್ ಮೇಲೆ ಕೂತು ಬಾಯಲ್ಲೇ ಬಿಚ್ಚಿಸಿದ.
ಮೂರು ಸಲ ತೊಳೆದ ಮೇಲೆ ಹುಳದ ಮೈ ಕಂಡಿತು,
ನಡುವೆ ಮಾತ್ರ ನೀಲಿಗಟ್ಟಿತ್ತು.
ಸೀಲು ಟ್ರ್ಯಾಕ್ಟರ್ ಅಂಗಡಿಯದ್ದೇ ಕೂತಿತು.
"ಅವತ್ತೂ ಕೂರ್ತಿತ್ತೇನೋ" ಅಂದ. ಇಬ್ಬರೂ ಸುಮ್ಮನಾದೆವು.

ತೊಂಬತ್ತನೇ ನಂಬರ್ ಎಣ್ಣೆಗೆ ಅವಸರವಿಲ್ಲ.
ಜೋನಿಬೆಲ್ಲದ ಹಾಗೆ ಇಳಿಯಿತು, ನಿಂತಿತು, ಗುಳುಕ್ ಅಂದಿತು.
ಮುಂದಿನೆರಡು ಚಕ್ರ ಜಾಕಿನ ಮೇಲೆತ್ತಿ
ಎಡಗೊನೆಯಿಂದ ಬಲಗೊನೆಗೆ ತಿರುಗಿಸಿದೆ, ಮತ್ತೆ ಎಡಕ್ಕೆ.
ಇನ್ನರ್ಧ ಲೋಟ ಕುಡಿಯಿತು.

ಮೇಲಿನ ಸ್ಕ್ರೂ ಬಿಗಿ ಮಾಡುತ್ತ ಹೋದೆ, ಆಟವೇ ಇರಬಾರದೆಂದು.
ನೇರಕ್ಕೆ ಸೊಗಸಾಗಿತ್ತು.
ತಿರುಗಿಸಿದರೆ ಕಚ್ಚಿಕೊಂಡಿತು.
"ಸಡಿಲ ಬಿಡು ಮಾರಾಯ. ನೇರ ಹೋದ ಗಾಡಿ ಇದು,
ನಡು ಸವೆದಿದೆ, ಅಂಚಿನ ಹಲ್ಲು ಇನ್ನೂ ಹೊಸದು.
ನಡುವಿಗೆ ಸರಿ ಮಾಡೋಕೆ ಹೋದ್ರೆ ತಿರುವಲ್ಲಿ ಹಿಡಿಯುತ್ತೆ.
ಎರಡು ಬೆರಳು ಆಟ ಇರಲಿ.
ಇಷ್ಟು ವಯಸ್ಸಾದ್ಮೇಲೆ ಅಷ್ಟೂ ಬೇಡ್ವಾ?"

ಸಾಲಗಾಮೆ ರಸ್ತೆಯಲ್ಲಿ ಹೋಗಿ ಬಂದೆ.
ಆಸ್ಪತ್ರೆಯ ಹಳೇ ಗೇಟಿನ ಎದುರು
ಅಭ್ಯಾಸಬಲದಿಂದ ಒಳಕ್ಕೆ ತಿರುಗಿಸಿಬಿಟ್ಟೆ, ಒಂದೇ ಕೈಯಲ್ಲಿ.
ಅಲ್ಲೀಗ ಟೈಲ್ಸ್ ಅಂಗಡಿ. ವಾಚ್‌ಮನ್ ಎದ್ದು ನಿಂತ.
ರಿವರ್ಸ್ ತೆಗೆದುಕೊಂಡೆ.

"ಹೆಗಲು ಹ್ಯಾಗಿದೆ?" ಶೆಡ್ಡಿನ ಬಾಗಿಲಲ್ಲೇ ಕಾದಿದ್ದ ಇನಾಯತ್.
"ಹಗುರ" ಅಂದೆ.
ಗಾಡಿಯದ್ದೋ ನನ್ನದೋ ಹೇಳಲಿಲ್ಲ.

ರಾತ್ರಿ ಪುಟ್ತಾಯಿ ಎಣ್ಣೆ ಬಟ್ಟಲು ಹಿಡಿದು ಬಂದಳು.
ಬೇಡ ಅನ್ನಲಿಲ್ಲ.
ಅಂಗಿ ಬಿಚ್ಚಿ ಕೂತೆ.